ಗಂಡನ ವೀಸಾ, ಹೆಂಡತಿಯ ಕ್ಯಾಲೆಂಡರ್

ಐರೋಳಿ, ಮಹಾಪೆ, ಘನ್ಸೋಲಿಯ ಐಟಿ ಕಚೇರಿಗಳಿಂದ ಆನ್‌ಸೈಟ್ ಎಂದು ಹೋದವರು ಅಲ್ಲೇ ನೆಲೆ ಹುಡುಕಿಕೊಳ್ಳುವುದು ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳಲ್ಲಿ ಈಗ ಯಾರನ್ನೂ ಬೆರಗುಗೊಳಿಸುವ ಸುದ್ದಿಯಲ್ಲ. ಹೀಗಾಗಿ ಸಂಬಂಧ ಕುದುರಿಸುವ ಮಾತುಕತೆಯಲ್ಲೂ ಗೋತ್ರ, ಬಳಿ, ಸಂಬಳದ ವಿಚಾರಣೆ ಮುಗಿದ ಮೇಲೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ: ಹುಡುಗನಿಗೆ ಪಿಆರ್ ಆಗಿದೆಯಾ, ಗ್ರೀನ್ ಕಾರ್ಡ್ ಬಂದಿದೆಯಾ? ಕೇಳುವುದು ಸರಿಯೇ. ಆದರೆ ಉತ್ತರ ಬಂದ ಕೂಡಲೇ ನಿರಾಳವಾಗುವುದು ಸರಿಯಲ್ಲ. ಏಕೆಂದರೆ ಮದುವೆಯಾಗಿ ಹೊರಡುವವಳ ಕಾಯಂ ನೆಲೆ ಗಂಡನ ಕಾರ್ಡಿನ ಜೊತೆಗೆ ತಾನಾಗಿ ಬರುವುದಿಲ್ಲ. ಆಕೆ ಯಾವ ತಾರೀಕಿಗೆ ಯಾವ ಬಗೆಯ ವೀಸಾದಲ್ಲಿ ಒಳಗೆ ಹೋದಳು, ಎಷ್ಟು ದಿನ ಅಲ್ಲಿದ್ದಳು, ಅರ್ಜಿ ಹಾಕುವ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿತ್ತು ಎಂಬುದರ ಮೇಲೆ ಅದು ನಿಂತಿರುತ್ತದೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಬ್ರಿಟನ್ ಮತ್ತು ಅಮೆರಿಕ ಮಾಡಿದ ಬದಲಾವಣೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸೌಲಭ್ಯ ಕೊಡುವಾಗ ಕಾನೂನು ಸಂಗಾತಿಯನ್ನು ಗಂಡನ ನೆರಳೆಂದು ಎಣಿಸುತ್ತದೆ. ಷರತ್ತು ಬಿಗಿ ಮಾಡುವಾಗ ಮಾತ್ರ ಆಕೆಯನ್ನು ಬೇರೆ ವ್ಯಕ್ತಿಯೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಿದ್ದ ಮೇಲೆ ಹೊರಡುವವರೂ ಮೊದಲ ದಿನದಿಂದಲೇ ತಮ್ಮದೊಂದು ಬೇರೆ ಲೆಕ್ಕ ಇಟ್ಟುಕೊಳ್ಳುವುದು ಜಾಣತನ. ಇಲ್ಲಿ ಹೆಂಡತಿ ಎಂದು ಬರೆದದ್ದು ರೂಢಿಗೆ. ನರ್ಸ್ ಅಥವಾ ಎಂಜಿನಿಯರ್ ಹೆಂಡತಿಯ ಹಿಂದೆ ಹೋಗುವ ಗಂಡನಿಗೂ ಇದೇ ನಿಯಮ, ಇದೇ ಕಷ್ಟ.

ಬ್ರಿಟನ್ನಿನಿಂದ ಶುರು ಮಾಡೋಣ, ಅಲ್ಲಿನ ದಾಖಲೆ ಸ್ಪಷ್ಟವಾಗಿದೆ. 2002ರಲ್ಲಿ ಆ ದೇಶ ಹೆಚ್ಚು ಓದಿದವರಿಗಾಗಿ ಎಚ್‌ಎಸ್‌ಎಂಪಿ ಎಂಬ ಯೋಜನೆ ತಂದಿತು. ನಾಲ್ಕು ವರ್ಷ ದುಡಿದರೆ ಕಾಯಂ ನೆಲೆಗೆ ಅರ್ಜಿ ಹಾಕಬಹುದು ಎಂಬ ಭರವಸೆಯ ಮೇಲೆ ಭಾರತದಿಂದ ಬಹಳ ಮಂದಿ ಇಲ್ಲಿನ ಕೆಲಸ ಬಿಟ್ಟು, ಸಂಸಾರ ಕಟ್ಟಿಕೊಂಡು ಹೋದರು. 2006ರ ಏಪ್ರಿಲ್ 3ರಂದು ನಾಲ್ಕು ಐದಾಯಿತು, ಅದೂ ಆಗಲೇ ಬಂದು ಕೂತಿದ್ದವರಿಗೂ ಸೇರಿಸಿ. ಅದೇ ವರ್ಷದ ನವೆಂಬರಿನಲ್ಲಿ ವೀಸಾ ಮುಂದುವರಿಸುವ ಅಂಕದ ಲೆಕ್ಕವೂ ಬದಲಾಯಿತು. ವಲಸಿಗರು ಎಚ್‌ಎಸ್‌ಎಂಪಿ ಫೋರಂ ಕಟ್ಟಿಕೊಂಡು ಲಂಡನ್ನಿನ ಹೈಕೋರ್ಟಿಗೆ ಹೋದರು. 2008ರ ಏಪ್ರಿಲ್‌ನಲ್ಲಿ ಅಂಕದ ವಿಷಯದಲ್ಲಿ ಗೆದ್ದರು, 2009ರ ಏಪ್ರಿಲ್‌ನಲ್ಲಿ ನಾಲ್ಕು ವರ್ಷದ ವಿಷಯದಲ್ಲೂ ಗೆದ್ದರು. ಹಳೆಯ ಭರವಸೆ ನಂಬಿ ಬಂದವರಿಗೆ ಮಾತು ಮುರಿಯಬಾರದು ಎಂಬುದು ತೀರ್ಪಿನ ಸಾರ. ಈ ಗೆಲುವನ್ನು ಹೇಳಿಕೊಳ್ಳುವವರು ಒಂದನ್ನು ಮರೆಯುತ್ತಾರೆ: ಬದಲಾವಣೆಯಿಂದ ಅಂತಿಮ ತೀರ್ಪಿನವರೆಗೆ ಮೂರು ವರ್ಷ ಕಳೆದಿತ್ತು. ಆ ಮೂರು ವರ್ಷ ಎಷ್ಟೋ ಮನೆಗಳು ಮುಂದಿನ ವರ್ಷ ಇಲ್ಲಿರುತ್ತೇವೋ ಇಲ್ಲವೋ ಎಂಬ ತೂಗುಯ್ಯಾಲೆಯಲ್ಲೇ ದಿನ ದೂಡಬೇಕಾಯಿತು.

ಆಗಿನ್ನೂ ಗಂಡ ಹೆಂಡತಿಯ ಲೆಕ್ಕ ಒಂದೇ ಇತ್ತು. ಎರಡು ವರ್ಷ ಜೊತೆಯಾಗಿ ಬಾಳಿದ ಸಂಗಾತಿ, ಮುಖ್ಯ ಅರ್ಜಿದಾರನ ಜೊತೆಯಲ್ಲೇ ಕಾಯಂ ನೆಲೆಗೆ ಅರ್ಜಿ ಹಾಕಬಹುದಿತ್ತು. 2012ರ ಜುಲೈ 9ರಂದು ಈ ಎರಡು ವರ್ಷ ಐದಾಯಿತು, ಇಬ್ಬರ ಗಡಿಯಾರವೂ ಬೇರೆಯಾಯಿತು. ಉದಾಹರಣೆಗೆ ಹೀಗೆ ನೋಡಿ: ಗಂಡ 2020ರ ಜನವರಿಯಲ್ಲಿ ಕೆಲಸದ ವೀಸಾದಲ್ಲಿ ಹೋದ, ಊರಿಗೆ ಬಂದು ಮದುವೆಯಾಗಿ 2023ರ ಜನವರಿಯಲ್ಲಿ ಹೆಂಡತಿಯನ್ನು ಕರೆಸಿಕೊಂಡ. ಐದು ವರ್ಷದ ನಿಯಮದಲ್ಲಿ ಆತ 2025ರಲ್ಲಿ ಕಾಯಂ ಆಗುತ್ತಾನೆ, ಆಕೆ 2028ರವರೆಗೆ ಕಾಯುತ್ತಾಳೆ. ಈ ನಡುವಿನ ಮೂರು ವರ್ಷದಲ್ಲೇ ಒಂದು ಎಡವಟ್ಟು ಕಾದಿರುತ್ತದೆ. ಗಂಡ ಕಾಯಂ ಆದ ಅಥವಾ ಬ್ರಿಟಿಷ್ ಪೌರನೇ ಆದ, ಇನ್ನೇಕೆ ಡಿಪೆಂಡೆಂಟ್ ವೀಸಾ ಎಂದುಕೊಂಡು ಕೆಲವರು ಹೆಂಡತಿಯನ್ನು ಪೌರರ ಸಂಗಾತಿಗೆ ಮೀಸಲಾದ ಇನ್ನೊಂದು ದಾರಿಗೆ ವರ್ಗಾಯಿಸುತ್ತಾರೆ. ಹಳೆಯ ದಾರಿಯಲ್ಲಿ ಕಳೆದ ವರ್ಷಗಳು ಹೊಸ ದಾರಿಯ ಐದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಎಣಿಕೆ ಸೊನ್ನೆಯಿಂದ ಶುರು. ಗಂಡ ಕಾಯಂ ಆದ ಮೇಲೂ ಹಳೆಯ ದಾರಿಯಲ್ಲೇ ವೀಸಾ ಮುಂದುವರಿಸಿ ಐದು ವರ್ಷ ತುಂಬಿಸಿಕೊಳ್ಳಲು ಅವಕಾಶವಿದೆ. ದಾರಿ ಬದಲಿಸುವ ಮುನ್ನ ಈ ಒಂದು ಪ್ರಶ್ನೆಯನ್ನು ವಕೀಲರಿಗೆ ಬರಹದಲ್ಲೇ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು.

ಮುಂದಿನ ಬದಲಾವಣೆ ಸದ್ದಿಲ್ಲದೆ ಬಂದಿತು, ಆದರೆ ನಮ್ಮ ಮನೆಗಳ ರೂಢಿಗೆ ನೇರವಾಗಿ ತಾಗುವುದು ಅದೇ. ಕೆಲಸದ ವೀಸಾದವರು ಯಾವುದೇ 12 ತಿಂಗಳ ಅವಧಿಯಲ್ಲಿ 180 ದಿನಕ್ಕಿಂತ ಹೆಚ್ಚು ಬ್ರಿಟನ್ನಿನ ಹೊರಗಿದ್ದರೆ ಕಾಯಂ ನೆಲೆಯ ಎಣಿಕೆ ಕೆಡುತ್ತದೆ ಎಂಬ ನಿಯಮ ಮೊದಲು ದುಡಿಯುವವರಿಗೆ ಮಾತ್ರ ಇತ್ತು. 2018ರ ಜನವರಿ 11ರಿಂದ ಅದನ್ನು ಅವರ ಸಂಗಾತಿಗೂ ಹಚ್ಚಿದರು. ಈಗ ಚೊಚ್ಚಲ ಹೆರಿಗೆಯ ಲೆಕ್ಕ ಹಾಕಿ: ಏಳನೇ ತಿಂಗಳಲ್ಲಿ ಸೀಮಂತಕ್ಕೆಂದು ತವರಿಗೆ ಬಂದು, ಹೆರಿಗೆಯಾಗಿ, ಬಾಣಂತನ ಮುಗಿಸಿ, ನಾಮಕರಣ, ಮಗುವಿನ ಪಾಸ್‌ಪೋರ್ಟ್, ವೀಸಾ ಎಲ್ಲ ಆಗಿ ಹೊರಡುವಾಗ ಆರು ತಿಂಗಳು ದಾಟಿರುವುದು ಸರ್ವೇಸಾಮಾನ್ಯ. ಇದು ಜನವರಿಯಿಂದ ಡಿಸೆಂಬರಿನ ಲೆಕ್ಕವೂ ಅಲ್ಲ, ಯಾವ ದಿನದಿಂದ ಹಿಂದಕ್ಕೆ ಎಣಿಸಿದರೂ 12 ತಿಂಗಳಲ್ಲಿ 180 ಮೀರಬಾರದು. ಹೀಗಾಗಿ ಹೆರಿಗೆಯ ಪ್ರಯಾಣಕ್ಕೆ ಮೊದಲಿನ ದೀಪಾವಳಿ ಪ್ರವಾಸವೂ ಸೇರಿಕೊಳ್ಳುತ್ತದೆ. ಇದಕ್ಕೆ ದಾರಿ ಇಲ್ಲದಿಲ್ಲ. ವೀಸಾ ಪಡೆಯುವಾಗಲೇ ಆರೋಗ್ಯ ಸರ್ಚಾರ್ಜ್ ಎಂದು ದೊಡ್ಡವರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಕಟ್ಟಿಸಿಕೊಂಡಿರುತ್ತಾರೆ. 2024ರ ಫೆಬ್ರವರಿಯಿಂದ ಇದೇ ದರ. ಐದು ವರ್ಷಕ್ಕೆ 5,175 ಪೌಂಡ್. ಹೆರಿಗೆಯ ಆರೈಕೆ ಅದರಲ್ಲೇ ಸೇರಿದೆ. ಕಟ್ಟಿದ ಹಣಕ್ಕೆ ಅಲ್ಲೇ ಹೆರಿಗೆ ಮಾಡಿಸಿಕೊಂಡು, ತಾಯಿಯನ್ನೋ ಅತ್ತೆಯನ್ನೋ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಕರೆಸಿಕೊಂಡರೆ ಎಣಿಕೆಯೂ ಉಳಿಯುತ್ತದೆ, ಬಾಣಂತನವೂ ಆಗುತ್ತದೆ. ಡೊಂಬಿವಲಿಯ ಅಜ್ಜಿಗೆ ಲಂಡನ್ನಿನ ಚಳಿ ಒಗ್ಗೀತೇ ಎಂಬುದು ಬೇರೆ ಮಾತು.

ಇದರ ಮುಂದುವರಿಕೆಯೇ 2025ರ ಪ್ರಸ್ತಾವ. ಆ ವರ್ಷದ ಮೇ 12ರ ಶ್ವೇತಪತ್ರದಲ್ಲಿ ಕಾಯಂ ನೆಲೆಗೆ ಐದರ ಬದಲು ಹತ್ತು ವರ್ಷ ಎಂದ ಬ್ರಿಟಿಷ್ ಸರ್ಕಾರ, ನವೆಂಬರ್ 20ರಂದು ವಿವರ ಮುಂದಿಟ್ಟಿತು. ಹತ್ತು ವರ್ಷ ಎಲ್ಲರಿಗೂ ಮೂಲ ಅವಧಿ. ಹೆಚ್ಚು ಸಂಬಳವಿದ್ದವರಿಗೆ ಕಡಿತ, ಪದವಿ ಮಟ್ಟಕ್ಕಿಂತ ಕೆಳಗಿನ ಕೆಲಸದವರಿಗೆ ಹದಿನೈದು ವರ್ಷ. ಬ್ರಿಟಿಷ್ ಪೌರರ ಸಂಗಾತಿಗೆ ಐದು ವರ್ಷವೇ ಉಳಿಯುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು ಸಾಲು: ಕೆಲಸದ ವೀಸಾದವರ ಸಂಗಾತಿಯ ಅರ್ಹತೆಯನ್ನು ಅವರದೇ ಗುಣಾವಗುಣದ ಮೇಲೆ ಅಳೆಯಬೇಕು ಎಂಬುದು. ವರ್ಷಕ್ಕೆ 12,570 ಪೌಂಡಿಗಿಂತ ಹೆಚ್ಚಿನ ಗಳಿಕೆಯನ್ನು ಕೆಲವು ವರ್ಷ ತೋರಿಸಬೇಕೆಂಬ ಷರತ್ತೂ ಆ ಪ್ರಸ್ತಾವದಲ್ಲಿದೆ. ಗಂಡ ಲಕ್ಷ ಪೌಂಡ್ ದುಡಿದು ಬೇಗ ಕಾಯಂ ಆಗಬಹುದು. ಮನೆ, ಮಕ್ಕಳನ್ನು ನೋಡಿಕೊಂಡ ಹೆಂಡತಿಯ ಹೆಸರಲ್ಲಿ ಗಳಿಕೆಯ ದಾಖಲೆಯೇ ಇಲ್ಲದಿದ್ದರೆ ಆಕೆಯ ಸಾಲು ಬೇರೆ, ಉದ್ದವೂ ಬೇರೆ. ಆಗಲೇ ದೇಶದೊಳಗಿದ್ದು ಇನ್ನೂ ಕಾಯಂ ಆಗದವರಿಗೂ ಇದು ಅನ್ವಯಿಸಬೇಕು ಎಂದೇ ಪ್ರಸ್ತಾವ ಹೇಳಿತು. ಅಂತಿಮ ರೂಪ ಏನೇ ಆಗಲಿ, ಗಾಳಿ ಬೀಸುವ ದಿಕ್ಕು ಇದರಿಂದ ತಿಳಿಯುತ್ತದೆ. ಡಿಪೆಂಡೆಂಟ್ ವೀಸಾದಲ್ಲಿ ಅಲ್ಲಿ ಕೆಲಸ ಮಾಡಲು ಅನುಮತಿ ಇದೆ. ಅರೆಕಾಲಿಕವಾದರೂ ಸರಿ, ತೆರಿಗೆ ದಾಖಲೆಗೆ ಬರುವ ಕೆಲಸವೊಂದನ್ನು ಹಿಡಿದವಳು ಮುಂದಿನ ಯಾವ ನಿಯಮಕ್ಕೂ ಒಂದು ಹೆಜ್ಜೆ ಮುಂದಿರುತ್ತಾಳೆ.

ಅಮೆರಿಕದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಸಂಗಾತಿಗೆ ಬೇರೆ ಎಣಿಕೆಯಿಲ್ಲ, ಗಂಡನ ಸಾಲೇ ಆಕೆಯ ಸಾಲು. ಆದರೆ ಆ ಸಾಲಿಗೆ ಸೇರುವ ಬಾಗಿಲು ಒಂದು ದಿನ ಮುಚ್ಚಿಬಿಡುತ್ತದೆ. ಉದ್ಯೋಗದ ಮೂಲಕ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಶೇ. 7ರ ಮಿತಿ. ಹೀಗಾಗಿ ಇಬಿ-2 ಎಂಬ ಉನ್ನತ ಪದವೀಧರರ ವರ್ಗದಲ್ಲಿ ಭಾರತೀಯರ ಸಾಲು 2025ರ ಕೊನೆಯಲ್ಲೂ 2013ರ ತಾರೀಕಿನಲ್ಲೇ ನಿಂತಿತ್ತು. ಹತ್ತು ಹನ್ನೆರಡು ವರ್ಷ ಕಾದ ಹುಡುಗನ ಕಡೆಯವರು, ಕಾರ್ಡ್ ಕೈಗೆ ಬರಲಿ, ಆಮೇಲೆ ಮದುವೆ ಎನ್ನುವುದು ಸಹಜ. ಹೆಣ್ಣಿನ ಕಡೆಯವರಿಗೂ ಅದು ಭದ್ರವೆನಿಸುತ್ತದೆ. ಕಾನೂನಿನ ಲೆಕ್ಕ ತದ್ವಿರುದ್ಧ. ಗ್ರೀನ್ ಕಾರ್ಡ್ ಸಿಗುವುದಕ್ಕೆ ಒಂದು ದಿನ ಮೊದಲು ಮದುವೆಯಾಗಿದ್ದರೂ ಹೆಂಡತಿ ಅದೇ ಅರ್ಜಿಯ ಬಾಲ ಹಿಡಿದು ಹೋಗಬಹುದು, ಹೊಸ ಸಾಲಿಲ್ಲ. ಒಂದು ದಿನ ತಡವಾದರೆ ಆಕೆ ಎಫ್2ಎ ಎಂಬ ಬೇರೆ ವರ್ಗಕ್ಕೆ ಬೀಳುತ್ತಾಳೆ. ಈ ವರ್ಗದ ಗತಿಯೂ ಒಂದೇ ರೀತಿ ಇಲ್ಲ: 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಕಾಯುವ ಸಾಲೇ ಇರಲಿಲ್ಲ, ಏಪ್ರಿಲ್‌ನಲ್ಲಿ ಹಿಂದಕ್ಕೆ ಜಾರಿತು, 2025ರ ಕೊನೆಗೆ ಸುಮಾರು ಎರಡು ವರ್ಷದ ಸಾಲಿತ್ತು. ಅಷ್ಟು ದಿನ ಹೊಸ ದಂಪತಿ ಎರಡು ಖಂಡಗಳಲ್ಲಿ. ಆದ್ದರಿಂದ ಹುಡುಗನ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ಆತನ ಜಾಗ ಗುರುತಿಸುವ ತಾರೀಕು, ಹತ್ತಿರ ಬರುತ್ತಿದ್ದರೆ ಮುಹೂರ್ತ ನೋಡುವ ಪುರೋಹಿತರ ಪಂಚಾಂಗದ ಪಕ್ಕದಲ್ಲಿ, ಸಾಲು ಎಲ್ಲಿಗೆ ಬಂದಿದೆ ಎಂದು ಅಮೆರಿಕ ತಿಂಗಳಿಗೊಮ್ಮೆ ತಿಳಿಸುವ ವೀಸಾ ಬುಲೆಟಿನ್ ಕೂಡ ಇಟ್ಟುಕೊಳ್ಳಬೇಕಾಗುತ್ತದೆ. ವಿಶೇಷ ವಿವಾಹ ಕಾಯಿದೆಯಡಿ ಮೊದಲೇ ಮದುವೆಯಾಗುವ ದಾರಿಯಿದೆ, ಆದರೆ 30 ದಿನದ ನೋಟಿಸ್ ಬೇಕು. ಹಾಗೆ ಫೆಬ್ರವರಿಯಲ್ಲಿ ರಿಜಿಸ್ಟ್ರಾರರ ಮುಂದೆ ಮದುವೆಯಾಗಿ ಡಿಸೆಂಬರಿನಲ್ಲಿ ಉಡುಪಿಯ ಛತ್ರದಲ್ಲಿ ಧಾರೆ ಎರೆದರೆ, ಎಲ್ಲ ಅರ್ಜಿಗಳಲ್ಲೂ ಕಾನೂನಿನ ಮದುವೆಯ ದಿನವನ್ನೇ ತಪ್ಪದೆ ಬರೆಯಬೇಕು. ಒಂದು ಫಾರಂನಲ್ಲಿ ಫೆಬ್ರವರಿ, ಇನ್ನೊಂದರಲ್ಲಿ ಡಿಸೆಂಬರ್ ಬಂದರೆ ಅಧಿಕಾರಿ ಸಂಶಯಪಡುವುದರಲ್ಲಿ ತಪ್ಪೇನಿದೆ?

ಇಲ್ಲೇ ಒಂದು ಅನುಕೂಲವನ್ನೂ ಹೇಳಬೇಕು, ಮುಂಬಯಿ ಪರಿಸರದ ತುಳು ಕನ್ನಡ ಕುಟುಂಬಗಳಿಗೆ ಅದು ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ಶೇ. 7ರ ಮಿತಿಯನ್ನು ಅಮೆರಿಕ ಲೆಕ್ಕ ಹಾಕುವುದು ಪೌರತ್ವದಿಂದಲ್ಲ, ಹುಟ್ಟಿದ ದೇಶದಿಂದ. ಗಂಡ ಹೆಂಡತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಆ ದೇಶದ ಸಾಲಿಗೆ ಹೋಗಬಹುದು. ಅಪ್ಪ ಕುವೈತ್‌ನಲ್ಲೋ ಮಸ್ಕತ್‌ನಲ್ಲೋ ಬಹರೈನ್‌ನಲ್ಲೋ ಕೆಲಸದಲ್ಲಿದ್ದಾಗ ಅಲ್ಲೇ ಹುಟ್ಟಿ, ಆಮೇಲೆ ಡೊಂಬಿವಲಿಯಲ್ಲಿ ಬೆಳೆದ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಪಾಸ್‌ಪೋರ್ಟ್ ಭಾರತದ್ದೇ ಆದರೂ ಅಂಥ ಹೆಂಡತಿ ಗಂಡನನ್ನು ಭಾರತದ ಸಾಲಿನಿಂದ ಹೊರಗೆಳೆದು ಹತ್ತು ವರ್ಷ ಉಳಿಸಿಕೊಡಬಲ್ಲಳು. ಡಿಪೆಂಡೆಂಟ್ ಎನಿಸಿಕೊಂಡವಳ ಮೇಲೆಯೇ ಗಂಡ ಅವಲಂಬಿಸಿ ನಿಲ್ಲುವ ಅಪರೂಪದ ಸಂದರ್ಭ ಇದು. ಆಗ ಬೇಕಾಗುವುದು ಆ ದೇಶದ ಜನನ ಪ್ರಮಾಣಪತ್ರ. ಅದು ತಂದೆಯ ಹಳೆಯ ಟ್ರಂಕಿನಲ್ಲಿದೆಯೇ ಎಂದು ಮದುವೆಗೆ ಮೊದಲೇ ಹುಡುಕಿಸುವುದು ಒಳ್ಳೆಯದು. ಸಾಲಿನಲ್ಲಿ ಕಾಯುವಾಗಿನ ಜೀವನದ ಬಗ್ಗೆಯೂ ಒಂದು ಮಾತು. ಕೆಲಸದ ವೀಸಾದವರ ಜೊತೆ ಎಚ್-4 ಎಂಬ ಡಿಪೆಂಡೆಂಟ್ ವೀಸಾದಲ್ಲಿ ಹೋದ ಸಂಗಾತಿಗೆ ಕೆಲಸದ ಪರವಾನಗಿ ಸಿಕ್ಕಿದ್ದು 2015ರ ಮೇ 26ರಿಂದ, ಅದೂ ಮುಖ್ಯವಾಗಿ ಗಂಡನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ. ಅದರ ವಿರುದ್ಧದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನ ಬಾಗಿಲಲ್ಲಿ ಬಿದ್ದುಹೋಗಿದ್ದು 2025ರ ಅಕ್ಟೋಬರ್ 14ರಂದು. ಆ ನೆಮ್ಮದಿ ಎರಡು ವಾರ ಬಾಳಿತು: ಅಕ್ಟೋಬರ್ 30ರಿಂದ, ನವೀಕರಣದ ಅರ್ಜಿ ಹಾಕಿದವರಿಗೆ ತಾನಾಗಿ ಸಿಗುತ್ತಿದ್ದ 540 ದಿನದ ವಿಸ್ತರಣೆ ರದ್ದಾಯಿತು. ಡಿಸೆಂಬರ್ 15ರಿಂದ ಎಚ್-4 ಅರ್ಜಿದಾರರ ಸೋಷಿಯಲ್ ಮೀಡಿಯಾ ತಪಾಸಣೆ ಶುರುವಾಗಿ ಅನೇಕರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಮಹಾಪೆಯ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಹುಡುಗಿ ಕೇಳಬೇಕಾದ ಪ್ರಶ್ನೆ ಒಂದೇ: ಐ-140 ಆಗಿದೆಯೇ?

ಈಗಾಗಲೇ ನೆಲೆಯಾದವರನ್ನು ಮದುವೆಯಾಗುವವರ ಪಾಡು ಸುಲಭವೆಂದು ತಿಳಿಯಬೇಕಿಲ್ಲ. ಬ್ರಿಟಿಷ್ ಪೌರನೋ ಕಾಯಂ ನಿವಾಸಿಯೋ ಸಂಗಾತಿಯನ್ನು ಕರೆಸಿಕೊಳ್ಳಲು 2012ರಲ್ಲಿ 18,600 ಪೌಂಡ್ ವಾರ್ಷಿಕ ಆದಾಯ ತೋರಿಸಬೇಕಿತ್ತು, 2024ರ ಏಪ್ರಿಲ್ 11ರಿಂದ ಅದು 29,000. ಐರೋಳಿಯಲ್ಲಿ ಹೆಂಡತಿ ತೆಗೆದುಕೊಳ್ಳುತ್ತಿರುವ ಸಂಬಳ ಈ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಆಕೆ ಎಷ್ಟೇ ದುಡಿಯಲಿ, ಇಲ್ಲಿಂದ ಅರ್ಜಿ ಹಾಕುವಾಗ ನೋಡುವುದು ಅಲ್ಲಿರುವ ಗಂಡನ ಆದಾಯವನ್ನು. ಆದಾಯ ಸಾಲದಿದ್ದರೆ 88,500 ಪೌಂಡ್ ಉಳಿತಾಯ ತೋರಿಸಬಹುದು, ಅದು ಯಾರ ಮನೆಯಲ್ಲಿ ಸುಲಭಕ್ಕಿದೆ? ಅಮೆರಿಕದ ಪೌರನನ್ನು ಮದುವೆಯಾದರೆ ಸಂಖ್ಯೆಯ ಮಿತಿಯಿಲ್ಲ, ಆದರೆ ದೇಶ ಪ್ರವೇಶಿಸುವಾಗ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಕೊಡುವುದು ಎರಡು ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ಎಂಬ ಅರ್ಜಿ ಹಾಕಿ ಷರತ್ತು ತೆಗೆಸಿಕೊಳ್ಳಬೇಕು. ಮರೆತರೆ ಕಾರ್ಡಿಗೇ ಕುತ್ತು.

ಇಷ್ಟೆಲ್ಲ ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ ಹೀಗಿರುತ್ತದೆ: ನಿಯಮ ಬದಲಾದರೂ ಮೊದಲೇ ಹೋದವರಿಗೆ ಹಳೆಯದೇ ಅನ್ವಯವಾಗುತ್ತದೆಯಲ್ಲ, ಗಾಬರಿ ಯಾಕೆ? ಇದರಲ್ಲಿ ಅರ್ಧ ಸತ್ಯವಿದೆ. 2012ರ ಜುಲೈ 9ಕ್ಕೆ ಮೊದಲು ಸಂಗಾತಿಯಾಗಿ ವೀಸಾ ಪಡೆದಿದ್ದವರಿಗೆ ಎರಡು ವರ್ಷದ ನಿಯಮವೇ ಉಳಿಯಿತು. 2024ರ ಏಪ್ರಿಲ್‌ಗೆ ಮೊದಲೇ ಪೌರರ ಸಂಗಾತಿಯ ದಾರಿಯಲ್ಲಿದ್ದವರು ಮುಂದುವರಿಸುವಾಗ 18,600 ತೋರಿಸಿದರೆ ಸಾಕು. 2018ರ 180 ದಿನದ ನಿಯಮವೂ ಅದಕ್ಕೆ ಮೊದಲು ಕೊಟ್ಟ ವೀಸಾದ ಗೈರುಹಾಜರಿಯನ್ನು ಎಣಿಸಲಿಲ್ಲ. ಆದರೆ ಈ ರಕ್ಷಣೆ ಸಿಕ್ಕಿದ್ದು ಯಾರಿಗೆ ಎಂದು ಗಮನಿಸಬೇಕು. ವೀಸಾ ಕೈಗೆ ಬಂದಿದ್ದವರಿಗೆ, ಬಹಳವೆಂದರೆ ಅರ್ಜಿ ಸಲ್ಲಿಸಿದ್ದವರಿಗೆ. ನಿಶ್ಚಿತಾರ್ಥ ಆಗಿದ್ದವರಿಗೆ, ಮದುವೆಯಾಗಿ ಆಷಾಢ ಕಳೆಯಲಿ ಎಂದು ತವರಿನಲ್ಲಿ ಕಾದಿದ್ದವರಿಗೆ ಅಲ್ಲ. 2006ರಲ್ಲಿ ರಕ್ಷಣೆಯನ್ನು ಕೋರ್ಟಿಗೆ ಹೋಗಿಯೇ ಗಿಟ್ಟಿಸಬೇಕಾಯಿತು. 2025ರ ಪ್ರಸ್ತಾವದಲ್ಲಿ ಒಳಗಿದ್ದವರನ್ನೂ ಬಿಟ್ಟಿಲ್ಲ. ಮದುವೆಯ ದಿನವನ್ನು ಕಾನೂನು ಕಾಯುವುದಿಲ್ಲ, ಅರ್ಜಿಯ ದಿನವನ್ನು ಕೆಲವೊಮ್ಮೆ ಕಾಯುತ್ತದೆ. ಮದುವೆ ಮುಗಿದ ವಾರದಲ್ಲೇ ಕಾಗದಪತ್ರಕ್ಕೆ ಕೈಹಾಕಬೇಕು ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಡ.

ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸುವುದು ಆಯಾ ದೇಶದ ಹಕ್ಕು, ನಕಲಿ ಮದುವೆಗಳೂ ನಡೆಯುತ್ತವೆ, ಬಿಗಿ ಮಾಡಿದರೆ ತಪ್ಪೇನು ಎಂಬುದು. ತಪ್ಪಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟೇ 2017ರ ಫೆಬ್ರವರಿಯಲ್ಲಿ ಆದಾಯದ ಮಿತಿಯನ್ನು ತತ್ತ್ವತಃ ಎತ್ತಿಹಿಡಿಯಿತು, ಮಕ್ಕಳ ಹಿತವನ್ನು ಸಾಕಷ್ಟು ನೋಡಿಲ್ಲ ಎಂದು ಮಾತ್ರ ಆಕ್ಷೇಪಿಸಿತು. ನಮ್ಮ ದೇಶದ ನಿಯಮವೂ ಮೃದುವೇನಲ್ಲ: ಭಾರತೀಯರನ್ನು ಮದುವೆಯಾದ ವಿದೇಶಿ ಸಂಗಾತಿಗೆ ಓಸಿಐ ಕಾರ್ಡ್ ಬೇಕಾದರೆ ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿರಬೇಕು, ವಿಚ್ಛೇದನವಾದರೆ ಆ ಕಾರ್ಡ್ ರದ್ದಾಗಬಹುದು, ಪೌರತ್ವಕ್ಕೆ ಏಳು ವರ್ಷದ ವಾಸ ಬೇಕು. ಆದರೆ ಬಿಗಿಯ ಭಾರ ಬೀಳುವುದು ಯಾರ ಮೇಲೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಕೆನಡಾ 2012ರ ಅಕ್ಟೋಬರ್‌ನಲ್ಲಿ ನಕಲಿ ಮದುವೆ ತಡೆಯಲೆಂದು, ಹೊಸದಾಗಿ ಬಂದ ಸಂಗಾತಿ ಎರಡು ವರ್ಷ ಜೊತೆಯಲ್ಲೇ ಬಾಳಬೇಕು, ಇಲ್ಲದಿದ್ದರೆ ಪಿಆರ್ ಹೋಗಬಹುದು ಎಂಬ ಷರತ್ತು ಹಾಕಿತು. ಹೊಡೆತ ತಿನ್ನುವ ಹೆಂಡತಿಯರು ಪಿಆರ್ ಹೋದೀತೆಂಬ ಭಯಕ್ಕೆ ಅದೇ ಮನೆಯಲ್ಲಿ ಉಳಿಯುವ ಅಪಾಯವಿದೆ ಎಂದು 2017ರ ಏಪ್ರಿಲ್‌ನಲ್ಲಿ ಅದೇ ದೇಶ ಅದನ್ನು ಕೈಬಿಟ್ಟಿತು. ನಿಯಮಗಳು ಬಿಗಿಯಾಗುವಂತೆ ಸಡಿಲವೂ ಆಗುತ್ತವೆ. ಆದರೆ ಆ ನಾಲ್ಕೂವರೆ ವರ್ಷಗಳಲ್ಲಿ ಹೋದವರಿಗೆ ಆ ಸಡಿಲಿಕೆ ತಡವಾಗಿಯೇ ಬಂದಿತು.

ಈಗ ಊರಿನಲ್ಲೇ ಆಗಬೇಕಾದ ಕೆಲಸ. ಮದುವೆ ನೋಂದಣಿ ಕಡ್ಡಾಯವಾಗಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಮಹಾರಾಷ್ಟ್ರದಲ್ಲಿ 1998ರ ಕಾಯಿದೆಯಡಿ ಠಾಣೆ, ಕಲ್ಯಾಣ–ಡೊಂಬಿವಲಿ, ನವಿ ಮುಂಬಯಿ ಪಾಲಿಕೆಗಳ ವಾರ್ಡ್ ಆಫೀಸಿನಲ್ಲಿ ಅದು ಆಗುತ್ತದೆ. ಲಗ್ನಪತ್ರಿಕೆ, ಫೋಟೊ, ಮೂವರು ಸಾಕ್ಷಿಗಳು, ಪುರೋಹಿತರ ಸಹಿ ಬೇಕು, ತಡವಾದರೆ ಹೆಚ್ಚಿನ ಶುಲ್ಕ. ಧಾರೆ ಎರೆಸಿದ ಪುರೋಹಿತರು ಶೃಂಗೇರಿ ಕಡೆಯವರಾಗಿ ಮರುದಿನವೇ ಬಸ್ಸು ಹತ್ತಿದ್ದರೆ ಆ ಒಂದು ಸಹಿಗೆ ತಿಂಗಳು ಹಿಡಿಯುತ್ತದೆ. ಛತ್ರದಲ್ಲೇ ಫಾರಂ ತುಂಬಿಸಿಕೊಳ್ಳುವುದು ಮೇಲು. ಇದಕ್ಕಿಂತ ದೊಡ್ಡ ತಲೆನೋವು ಹೆಸರಿನದು. ಕರ್ನಾಟಕದಲ್ಲಿ ಓದಿದ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಮತ್ತು ಇನಿಶಿಯಲ್ ಮಾತ್ರ ಇರುತ್ತದೆ, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು, ಮಹಾರಾಷ್ಟ್ರದ ರೂಢಿಯಂತೆ ಮದುವೆಯ ನಂತರದ ಕಾಗದಗಳಲ್ಲಿ ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ವಿದೇಶಿ ಅಧಿಕಾರಿಯ ಮೇಜಿನ ಮೇಲೆ ಇವು ಮೂರು ಬೇರೆ ಹೆಂಗಸರ ದಾಖಲೆಯಂತೆ ಕಾಣುತ್ತವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಎಂಬ, ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ ಬರುವ, ಅಕ್ಷರಗಳು ಬಂದು ಕೂರುತ್ತವೆ, ಮುಂದೆ ಅಲ್ಲಿನ ಬ್ಯಾಂಕಿನಿಂದ ಡ್ರೈವಿಂಗ್ ಲೈಸೆನ್ಸಿನವರೆಗೆ ಅದೇ ಬೆನ್ನು ಹತ್ತುತ್ತದೆ. ಮದುವೆಯಾದವಳು ಹೆಸರು ಬದಲಿಸಲೇಬೇಕೆಂಬ ಕಾನೂನು ಭಾರತದಲ್ಲಿ ಇಲ್ಲ. ತವರಿನ ಹೆಸರನ್ನೇ ಉಳಿಸಿಕೊಂಡರೆ ಅರ್ಧ ತೊಂದರೆ ತಪ್ಪಿತು. ಬದಲಿಸಲೇಬೇಕೆಂದರೆ ರಾಜ್ಯ ಗೆಜೆಟ್‌ನಲ್ಲಿ ಪ್ರಕಟಿಸಿ, ಪಾಸ್‌ಪೋರ್ಟ್ ತಿದ್ದಿಸಿ, ಆಮೇಲೆ ವೀಸಾಕ್ಕೆ ಹೋಗಬೇಕು. ಅರ್ಜಿ ನಡುದಾರಿಯಲ್ಲಿರುವಾಗ ಬದಲಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ.

ಜನನ ಪ್ರಮಾಣಪತ್ರದ್ದು ಇನ್ನೊಂದು ಪ್ರಸಂಗ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಿಂದಾಗಿ ಡೊಂಬಿವಲಿಯಲ್ಲಿ ಬೆಳೆದವರ ಜನನ ದಾಖಲೆ ಕುಂದಾಪುರದಲ್ಲೋ ಇಂಡಿಯಲ್ಲೋ ಇರುತ್ತದೆ, ಹೆಸರಿನ ಅಂಕಣ ಖಾಲಿಯಿರುವುದೂ ಉಂಟು. ಅಮೆರಿಕದ ಇಮಿಗ್ರಂಟ್ ವೀಸಾಕ್ಕೆ ಇದು ಬೇಕೇ ಬೇಕು. ಹೆಸರು ಸೇರಿಸುವುದು ನೋಂದಣಿಯಾದ ಊರಿನಲ್ಲೇ ಆಗಬೇಕು. ಜನನವೇ ನೋಂದಣಿಯಾಗಿರದಿದ್ದರೆ ಮೊದಲು ಕೋರ್ಟಿನ ಆದೇಶ ತರಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇಲೆ ಜಿಲ್ಲಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟವರ ಆದೇಶ ಸಾಕು. ಕನ್ನಡದಲ್ಲೋ ಮರಾಠಿಯಲ್ಲೋ ಇರುವ ಕಾಗದಗಳಿಗೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಬೇಕು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ. ಅಮೆರಿಕದ ಇಮಿಗ್ರಂಟ್ ವೀಸಾದ ಸಂದರ್ಶನಕ್ಕೆ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನ ಕಾನ್ಸುಲೇಟಿಗೆ ದೇಶದ ಬೇರೆ ಮೂಲೆಗಳಿಂದಲೂ ಜನ ಬರುತ್ತಾರೆ. ನಮ್ಮವರಿಗೆ ಅಷ್ಟರಮಟ್ಟಿಗೆ ಲೋಕಲ್ ರೈಲಿನ ದೂರ.

ಕಂಪನಿಯ ವಕೀಲರು ಇದನ್ನೆಲ್ಲ ನೋಡಿಕೊಳ್ಳುತ್ತಾರೆ ಎನ್ನುವವರು ಒಂದು ತಿಳಿದಿರಬೇಕು. ಅವರನ್ನು ಗೊತ್ತುಮಾಡಿ ಹಣ ಕೊಡುವುದು ಕಂಪನಿ, ಅವರ ಗಮನ ನೌಕರನ ಅರ್ಜಿಯ ಮೇಲೆ. ಹೆಂಡತಿಯ ಗೈರುಹಾಜರಿ ದಿನಗಳನ್ನು ಎಣಿಸಿಡುವುದು ಅವರ ಕೆಲಸವಲ್ಲ. ಠಾಣೆ, ವಾಶಿಯ ಏಜೆಂಟರ ಬಳಿ ಹೋಗುವವರು ಅವರಿಗೆ ಸಲಹೆ ಕೊಡುವ ಅಧಿಕಾರ ಇದೆಯೇ ಎಂದು ನೋಡಬೇಕು. ಬ್ರಿಟನ್ನಿನ ನೆಲದಲ್ಲಿ ವಲಸೆ ಸಲಹೆ ಕೊಡುವವರು ವಕೀಲರಾಗಿರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿರಬೇಕು. ಕೆನಡಾಕ್ಕೂ ಅಂಥದೇ ಪಟ್ಟಿಯಿದೆ. ಅಮೆರಿಕದ ವಿಷಯದಲ್ಲಿ ಅಲ್ಲಿನ ಪರವಾನಗಿ ಪಡೆದ ವಕೀಲರೇ ಭದ್ರ. ಈ ಪಟ್ಟಿಗಳು ಇಂಟರ್‌ನೆಟ್‌ನಲ್ಲಿ ಯಾರಿಗೂ ಸಿಗುತ್ತವೆ. ಗ್ಯಾರಂಟಿ ವೀಸಾ ಎನ್ನುವವರ ಬಾಗಿಲಿಗೆ ಹೋಗುವ ಮೊದಲು ಅಷ್ಟು ನೋಡಿಕೊಂಡರೆ ಸಾಕು.

ಇನ್ನು, ಮದುವೆಗೆ ಮೊದಲೇ ಇಷ್ಟು ವಿಚಾರಿಸಿದರೆ ಹುಡುಗನ ಕಡೆಯವರು ಬೇಸರಿಸುವುದಿಲ್ಲವೇ ಎಂಬ ಅಳುಕು. ಸಂಬಳದ ಸ್ಲಿಪ್ ಕೇಳುವಾಗ, ಜಾತಕ ತರಿಸುವಾಗ ಇಲ್ಲದ ಸಂಕೋಚ ವೀಸಾದ ನಕಲು ಕೇಳುವಾಗ ಬರಬೇಕಿಲ್ಲ. ಸಂಬಂಧ ಕೆಟ್ಟರೆ ಏನು ಎಂಬ ಪ್ರಶ್ನೆಯನ್ನಂತೂ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ವೀಸಾದ ದಾರಿಯ ವ್ಯತ್ಯಾಸ ಎದ್ದು ಕಾಣುವುದು ಆಗಲೇ. ಗಂಡ ಬ್ರಿಟಿಷ್ ಪೌರನೋ ಕಾಯಂ ನಿವಾಸಿಯೋ ಆಗಿದ್ದರೆ ಹಿಂಸೆಗೆ ಗುರಿಯಾದ ಹೆಂಡತಿ ತಾನೇ ಕಾಯಂ ನೆಲೆಗೆ ಅರ್ಜಿ ಹಾಕಬಹುದು. ಗಂಡ ಬರೀ ಕೆಲಸದ ವೀಸಾದವನಾಗಿದ್ದರೆ 2024ರಿಂದ ಸಿಗುವುದು ಮೂರು ತಿಂಗಳ ತಾತ್ಕಾಲಿಕ ಅನುಮತಿ ಮಾತ್ರ. ಅಮೆರಿಕದಲ್ಲಿ 1994ರ ಕಾಯಿದೆಯಡಿ ಪೌರ ಅಥವಾ ಗ್ರೀನ್ ಕಾರ್ಡ್ ಇರುವವನ ಹೆಂಡತಿ ಗಂಡನ ಸಹಿಯಿಲ್ಲದೆ ಅರ್ಜಿ ಹಾಕಬಹುದು. ಎಚ್-4ನವಳಿಗೆ ಆ ದಾರಿ ಇಲ್ಲ. ನಮ್ಮಲ್ಲಿ ಅನಿವಾಸಿಗಳ ಮದುವೆ ನೋಂದಣಿಯನ್ನು 30 ದಿನದೊಳಗೆ ಕಡ್ಡಾಯ ಮಾಡುವ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂದು ಅಲ್ಲೇ ನಿಂತಿತು. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಮತ್ತೆ ಅದೇ ಶಿಫಾರಸು ಮಾಡಿದೆ.

ಹೊರಡುವವರ ಕಡತದಲ್ಲಿ ಏನಿರಬೇಕೆಂದರೆ: ಮೊದಲ ವೀಸಾದಿಂದ ಇಲ್ಲಿಯವರೆಗಿನ ಎಲ್ಲ ಅನುಮತಿ ಪತ್ರಗಳು, ದೇಶ ಬಿಟ್ಟ ಮತ್ತು ಮರಳಿದ ಪ್ರತಿ ದಿನದ ಪಟ್ಟಿ, ಬೋರ್ಡಿಂಗ್ ಪಾಸುಗಳು, ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು ಮತ್ತು ಬ್ಯಾಂಕ್ ಪತ್ರಗಳು, ತನ್ನ ಗಳಿಕೆ ಮತ್ತು ತೆರಿಗೆಯ ದಾಖಲೆ, ಗಂಡನ ಅರ್ಜಿಗಳ ನಕಲು. ಹಳೆಯ ಪಾಸ್‌ಪೋರ್ಟನ್ನು ಎಸೆಯಬಾರದು, ಮುದ್ರೆಗಳೆಲ್ಲ ಅದರಲ್ಲಿವೆ. ಬ್ರಿಟನ್ನಿಗೆ ಹೋಗುವವರಿಗೆ ಈಗ ಕಾರ್ಡಿಲ್ಲ, ಇ-ವೀಸಾ. ಅದು ಸರ್ಕಾರದ ಆನ್‌ಲೈನ್ ಖಾತೆಯಲ್ಲಿರುತ್ತದೆ. ಅರ್ಜಿ ತುಂಬಿದ ಗಂಡನೋ ಏಜೆಂಟನೋ ತನ್ನದೇ ಇಮೇಲ್, ತನ್ನದೇ ಫೋನ್ ನಂಬರ್ ಕೊಟ್ಟು ಹೆಂಡತಿಯ ಖಾತೆ ತೆರೆದಿದ್ದರೆ, ಆಕೆ ದೇಶದಲ್ಲಿ ಇರುವ ಹಕ್ಕಿನ ಪುರಾವೆ ಇನ್ನೊಬ್ಬರ ಮೊಬೈಲಿನಲ್ಲಿ ಕೂತಂತಾಯಿತು. ಮನೆ ಬಾಡಿಗೆಗೆ, ಕೆಲಸಕ್ಕೆ ಬೇಕಾದ ಶೇರ್ ಕೋಡ್ ತೆಗೆಯಲೂ ಒಟಿಪಿಗಾಗಿ ಅವರನ್ನೇ ಕೇಳಬೇಕು. ಅಲ್ಲಿನ ಸಿಮ್ ಸಿಕ್ಕ ಕೂಡಲೇ ಖಾತೆಯ ಇಮೇಲ್ ಮತ್ತು ನಂಬರನ್ನು ತನ್ನದಕ್ಕೆ ಬದಲಿಸಿಕೊಳ್ಳಬೇಕು. ಅಲ್ಲಿಯವರೆಗೆ ಕಲ್ಯಾಣದಲ್ಲಿ ತೆಗೆದುಕೊಂಡ ಸಿಮ್ಮಿಗೆ ರೀಚಾರ್ಜ್ ತಪ್ಪಿಸಬಾರದು.